ಮಗುವಿನ ತಪ್ಪು ಉತ್ತರ ಓದುವುದು ಹೇಗೆ: ಅಡುಗೆಮನೆಯಲ್ಲೇ ಮಾಡಿ ನೋಡುವ ಮನೋವಿಜ್ಞಾನ

ನಾನು 22 ವರ್ಷ ಶಿಕ್ಷಕರ ತರಬೇತಿಯ ಡಿ.ಇಡಿ ಕಾಲೇಜಿನಲ್ಲಿ ಶಿಶು ಮನೋವಿಜ್ಞಾನ ಪಾಠ ಮಾಡಿದೆ. ಮಕ್ಕಳ ಬುದ್ಧಿ ಹೇಗೆ ಬೆಳೆಯುತ್ತದೆ ಅಂತ ನೋಡಿದ ಮನೋವಿಜ್ಞಾನಿ ಪಿಯಾಜೆ ಹೇಳಿದ ನಾಲ್ಕು ಹಂತಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಬಿಡುತ್ತಿದ್ದೆ. ಸಂವೇದನಾ ಗತಿ ಹಂತ, ಕಾರ್ಯಪೂರ್ವ ಹಂತ, ಮೂರ್ತ ಕಾರ್ಯಗಳ ಹಂತ, ಔಪಚಾರಿಕ ಕಾರ್ಯಗಳ ಹಂತ. ವಿದ್ಯಾರ್ಥಿಗಳೂ ಅದನ್ನೇ ಬಾಯಿಪಾಠ ಮಾಡಿ, ಹಾಗೇ ಬರೆದು, ಐದಕ್ಕೆ ನಾಲ್ಕೂವರೆ ತೆಗೆದುಕೊಳ್ಳುತ್ತಿದ್ದರು. ಇಷ್ಟಾಗಿಯೂ ಎರಡು ಲೋಟ ನೀರನ್ನು ಒಂದು ಮಗುವಿನ ಮುಂದೆ ಇಟ್ಟು ನೋಡಿದ್ದೇನಾ ಅಂದರೆ, ಇಲ್ಲ. ಒಂದು ದಿನವೂ ಇಲ್ಲ.

ನೋಡಿದ್ದು ನಿವೃತ್ತಿಯಾದ ಮೇಲೆ. ಮಗಳು, ಅಳಿಯ ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ. ಹಾಗಾಗಿ ಮೊಮ್ಮಗಳು ಪುಟ್ಟಿ ಆರು ತಿಂಗಳ ಕೂಸಾಗಿದ್ದಾಗಿನಿಂದ ಹೆಚ್ಚೂಕಮ್ಮಿ ತಿಪಟೂರಿನ ನಮ್ಮ ಮನೆಯಲ್ಲೇ ಬೆಳೆದಳು. ಅವಳಿಗೆ ನಾಲ್ಕು ವರ್ಷವಿದ್ದಾಗ ರಾಮನವಮಿಯ ದಿನ ಪಾನಕದ ಹೊತ್ತಿಗೆ ಜಗಳ ತೆಗೆದಳು. ಅವಳಣ್ಣನಿಗೆ ಉದ್ದ ಲೋಟ, ಇವಳಿಗೆ ಅಗಲ ಲೋಟ. "ಅವನಿಗೆ ಜಾಸ್ತಿ, ನಂಗೆ ಕಮ್ಮಿ" ಅಂತ ಅಳು. ನಾನು ಅವಳ ಪಾನಕವನ್ನೇ ಇನ್ನೊಂದು ಉದ್ದ ಲೋಟಕ್ಕೆ ಸುರಿದೆ. ಒಂದು ಹನಿಯೂ ಸೇರಿಸಲಿಲ್ಲ. ಮೂಗು ಒರೆಸಿಕೊಂಡು "ಈಗ ಸರಿಯಾಯ್ತು" ಅಂದಳು. ನನಗೆ ನನ್ನ ಹಳೆಯ ನೋಟ್ಸ್ ನೆನಪಾಯಿತು. ನಾಚಿಕೆಯೂ ಆಯಿತು.

ಅವತ್ತೇ ಒಂದು ನೋಟ್‌ಬುಕ್ ಇಟ್ಟೆ. ಹಳೆಯ ಪಾಠ ಯೋಜನೆಯ ಪುಸ್ತಕ, ಅರ್ಧ ಖಾಲಿ ಉಳಿದಿತ್ತು. ಅದರಲ್ಲಿ ಬರೆದುಕೊಂಡದ್ದರಿಂದ ಈ ಬರಹ. ಮನೆಯಲ್ಲಿ ಮಗುವಿರುವವರು, ಅಂಗನವಾಡಿಯವರು, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಗೆ ಓದುತ್ತಿರುವವರು ಯಾರು ಬೇಕಾದರೂ ಇದನ್ನು ಮಾಡಿ ನೋಡಬಹುದು. ಬೇಕಾದ ಸಾಮಾನು ಇಷ್ಟೇ: ಒಂದೇ ಥರದ ಎರಡು ಗಾಜಿನ ಲೋಟ, ಉದ್ದನೆಯ ಸಪೂರ ಲೋಟ ಒಂದು, ಹನ್ನೆರಡು ಹುಣಸೆಬೀಜ, ಎರಡು ಕರ್ಚೀಫು, ಒಂದು ಬಿಸ್ಕತ್ತಿನ ಪೊಟ್ಟಣ, ಚೂರು ಕುಂಕುಮ. ಸ್ಟೀಲ್ ಲೋಟ ಆಗುವುದಿಲ್ಲ. ಒಳಗಿನ ಮಟ್ಟ ಕಾಣಬೇಕು.

ಮೊದಲು ನಿಮ್ಮ ಬಾಯಿಗೆ ಬೀಗ

ಪಿಯಾಜೆ ಸ್ವಿಟ್ಜರ್ಲೆಂಡಿನವರು. ಹುಟ್ಟಿದ್ದು 1896ರಲ್ಲಿ. ಅವರು ಡಾಕ್ಟರೇಟ್ ಪಡೆದದ್ದು ಮಕ್ಕಳ ಮೇಲೆ ಅಲ್ಲ, ಬಸವನಹುಳುವಿನ ಜಾತಿಯ ಜೀವಿಗಳ ಮೇಲೆ. ಆಮೇಲೆ ಪ್ಯಾರಿಸ್ಸಿಗೆ ಹೋದರು. ಅಲ್ಲಿ ಸಿಕ್ಕ ಕೆಲಸ ಮಕ್ಕಳಿಗೆ ಬುದ್ಧಿಶಕ್ತಿ ಪರೀಕ್ಷೆ ಕೊಟ್ಟು ಅಂಕ ಹಾಕುವುದು. ಬೇಜಾರಿನ ಕೆಲಸ. ಆದರೆ ಅವರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಒಂದೇ ವಯಸ್ಸಿನ ಮಕ್ಕಳು ಒಂದೇ ಥರದ ತಪ್ಪು ಮಾಡುತ್ತಿದ್ದರು. ಬಾಯಿಗೆ ಬಂದದ್ದನ್ನು ಹೇಳಿದ್ದರೆ ಒಬ್ಬೊಬ್ಬರದು ಒಂದೊಂದು ಥರ ಇರಬೇಕಿತ್ತು. ಹಾಗಾದರೆ ಆ ತಪ್ಪಿನ ಹಿಂದೆ ಒಂದು ಲೆಕ್ಕಾಚಾರ ಇದೆ, ಅದು ದೊಡ್ಡವರ ಲೆಕ್ಕಾಚಾರ ಅಲ್ಲ, ಅಷ್ಟೇ. ಸರಿ ಉತ್ತರ ಬಿಟ್ಟು ತಪ್ಪು ಉತ್ತರದ ಹಿಂದೆ ಬಿದ್ದರು. ಆಮೇಲೆ ತಮ್ಮ ಮೂರು ಮಕ್ಕಳನ್ನೇ ಕೂರಿಸಿಕೊಂಡು ನೋಡಿ ನೋಡಿ ಬರೆದರು.

ನಾವು ಮೇಷ್ಟರ ಜಾತಿ. ತಪ್ಪು ಕೇಳಿದ ಕೂಡಲೇ ತಿದ್ದುವುದಕ್ಕೆ ನಾಲಿಗೆ ತುರಿಸುತ್ತದೆ. ಇಲ್ಲಿ ತಿದ್ದಿದರೆ ಆಟ ಕೆಟ್ಟಿತು. ಮಗು ಏನೇ ಹೇಳಲಿ, "ಹೌದಾ? ಯಾಕೆ ಹಂಗನ್ನಿಸ್ತು?" ಅಂತ ಕೇಳಿ. ಆಮೇಲೆ ಸುಮ್ಮನಿರಿ. ಮುಖದಲ್ಲೂ ಏನೂ ತೋರಿಸಬೇಡಿ. ಇದು ಹೇಳಿದಷ್ಟು ಸುಲಭ ಅಲ್ಲ. ನಮ್ಮ ಯಜಮಾನರು ಇವತ್ತಿಗೂ ಪಕ್ಕದಲ್ಲಿ ಕೂತು ಪುಟ್ಟಿಗೆ ಕಣ್ಸನ್ನೆ ಮಾಡುತ್ತಾರೆ. ಅಂಥವರನ್ನು ಆ ಹೊತ್ತಿಗೆ ಹಾಲು ತರಲು ಕಳಿಸುವುದು ಒಳ್ಳೆಯದು.

ಇನ್ನೊಂದು. ಮಗು ಹೇಳಿದ ಮಾತನ್ನು ಹಾಗೇ ಬರೆದುಕೊಳ್ಳಿ. "ಹೆಚ್ಚು ಎಂದಳು" ಅಂತಲ್ಲ, "ಇದ್ರಲ್ಲಿ ಮೇಲ್ತನ್ಕ ಇದೆ, ಅದಕ್ಕೆ ಜಾಸ್ತಿ" ಅಂತ. ಆ "ಮೇಲ್ತನ್ಕ" ಅನ್ನುವುದರಲ್ಲೇ ಎಲ್ಲ ಇರುವುದು.

ಲೋಟ ಮತ್ತು ಹುಣಸೆಬೀಜ

ವಯಸ್ಸು ನಾಲ್ಕರಿಂದ ಏಳು. ಒಂದೇ ಥರದ ಎರಡು ಲೋಟಕ್ಕೆ ಸಮನಾಗಿ ನೀರು ಹಾಕಿ. ಸಮ ಇದೆಯೋ ಇಲ್ಲವೋ ಅಂತ ಮಗುವೇ ಹೇಳಲಿ. ಇಲ್ಲ ಅಂದರೆ ಒಂದೊಂದು ಚಮಚ ಸೇರಿಸುತ್ತ, ತೆಗೆಯುತ್ತ ಅದಕ್ಕೆ ಸಮಾಧಾನ ಆಗುವವರೆಗೂ ಮಾಡಿ. ಆಮೇಲೆ ಅದರ ಕಣ್ಣ ಮುಂದೆಯೇ ಒಂದು ಲೋಟದ ನೀರನ್ನು ಸಪೂರ ಲೋಟಕ್ಕೆ ಸುರಿಯಿರಿ. ಈಗ ಕೇಳಿ. ನಾಲ್ಕು ವರ್ಷದ ಮಗು ಸಾಮಾನ್ಯವಾಗಿ ಉದ್ದ ಲೋಟದಲ್ಲೇ ಜಾಸ್ತಿ ಅನ್ನುತ್ತದೆ. ಎತ್ತರವನ್ನು ನೋಡುತ್ತದೆ, ಅಗಲವನ್ನು ಬಿಡುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು, ಮನಸ್ಸಿನಲ್ಲೇ ನೀರನ್ನು ವಾಪಸ್ ಸುರಿದು ನೋಡುವುದು ಇನ್ನೂ ಬಂದಿಲ್ಲ. ಲೋಟ ಬದಲಾದರೂ ನೀರು ಅಷ್ಟೇ ಅನ್ನುವ ತಿಳಿವಳಿಕೆಯನ್ನು ಪುಸ್ತಕದಲ್ಲಿ ಪರಿಮಾಣದ ಸಂರಕ್ಷಣೆ ಅನ್ನುತ್ತಾರೆ. ಸುಮಾರು ಆರು, ಏಳು ವರ್ಷದ ಹೊತ್ತಿಗೆ ಬರುತ್ತದೆ.

ಹುಣಸೆಬೀಜದ್ದೂ ಹೀಗೆಯೇ. ಆರಾರು ಬೀಜದ ಎರಡು ಸಾಲು, ಎದುರುಬದುರು. ಒಂದು ಸಾಲನ್ನು ಎಳೆದು ಉದ್ದ ಮಾಡಿ. "ಉದ್ದದ್ರಲ್ಲೇ ಜಾಸ್ತಿ" ಅನ್ನುತ್ತದೆ. ಎಣಿಸಲು ಬರುವ ಮಗುವೂ ಹಾಗನ್ನುತ್ತದೆ, ಅದೇ ಮಜಾ. ಪುಟ್ಟಿ ಎರಡೂ ಸಾಲು ಎಣಿಸಿದಳು, ಇದರಲ್ಲೂ ಆರು ಅದರಲ್ಲೂ ಆರು ಅಂದಳು, ಆದರೂ ಇದರಲ್ಲೇ ಜಾಸ್ತಿ ಅಂದಳು. ಯುಕೆಜಿಯಲ್ಲಿ ನೂರರವರೆಗೆ ಒಂದೇ ಉಸಿರಿಗೆ ಒಪ್ಪಿಸುವ ಮಕ್ಕಳ ಅಪ್ಪ ಅಮ್ಮಂದಿರು ಇದನ್ನು ಮಾಡಿ ನೋಡಬೇಕು. ಎಣಿಸುವುದು ಬೇರೆ, ಎಷ್ಟು ಅನ್ನುವುದು ಬೇರೆ.

ಈಗ ನಾನು ಕಾಲೇಜಿನಲ್ಲಿ ಹೇಳಿಕೊಡದೆ ಬಿಟ್ಟ ವಿಷಯ. ಪಿಯಾಜೆ ಸುರಿಯುವ ಮೊದಲು ಒಂದು ಸಲ, ಸುರಿದ ಮೇಲೆ ಒಂದು ಸಲ ಅದೇ ಪ್ರಶ್ನೆ ಕೇಳುತ್ತಿದ್ದರು. ಮಗುವಿನ ಜಾಗದಲ್ಲಿ ನಿಂತು ಯೋಚಿಸಿ. ನಮ್ಮ ಕ್ಲಾಸಿನಲ್ಲಿ ಮೇಷ್ಟರು ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರು ಅಂದರೆ ಏನರ್ಥ? ಮೊದಲು ಹೇಳಿದ್ದು ತಪ್ಪು, ಬದಲಾಯಿಸು ಅಂತ ತಾನೇ? ಮಗುವೂ ಬದಲಾಯಿಸುತ್ತದೆ. ಒಂದೇ ಸಲ ಕೇಳಿದರೆ ಹೆಚ್ಚು ಮಕ್ಕಳು ಸರಿಯಾಗಿ ಹೇಳುತ್ತಾರೆ ಅಂತ ಆಮೇಲೆ ಬಂದವರು ತೋರಿಸಿದರು. 1974ರಲ್ಲಿ ಬ್ರಿಟನ್ನಿನ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇನ್ನೂ ಚೆಂದದ ಉಪಾಯ ಮಾಡಿದರು. ಸಾಲನ್ನು ದೊಡ್ಡವರು ಎಳೆಯಲಿಲ್ಲ. ಒಂದು ತುಂಟ ಕರಡಿ ಗೊಂಬೆ ಪೆಟ್ಟಿಗೆಯಿಂದ ಹಾರಿ ಬಂದು ಕೆಡಿಸಿಬಿಟ್ಟಿತು. ಆಗ ನಾಲ್ಕು, ಐದು, ಆರು ವರ್ಷದವರಲ್ಲೂ ಹೆಚ್ಚಿನವರು "ಅಷ್ಟೇ ಇದೆ" ಅಂದರು. ದೊಡ್ಡವರು ಬೇಕೆಂದೇ ಎಳೆದರೆ ಅದರಲ್ಲಿ ಏನೋ ಇರಬೇಕು ಅಂತ ಮಗು ಅಂದುಕೊಳ್ಳುತ್ತದೆ. ಗೊಂಬೆ ಕೆಡಿಸಿದರೆ ಕೆಡಿಸಿತು, ಅಷ್ಟೇ.

ನಾನು ಗೊಂಬೆಯ ಬದಲು ಒಂದು ಸೌಟಿಗೆ ಕಣ್ಣು ಬಾಯಿ ಬರೆದು ಕುಣಿಸಿದೆ. ಪುಟ್ಟಿಗೆ ಆಗ ಐದು ವರ್ಷ ಒಂದು ತಿಂಗಳು. "ಸೌಟಮ್ಮ ಬೀಜ ಎಲ್ಲಾ ಚೆಲ್ಲಾಪಿಲ್ಲಿ ಮಾಡ್ಬಿಟ್ಲು. ಅಷ್ಟೇ ಇದೆ" ಅಂದಳು. ವಾರದ ಹಿಂದೆ ನನ್ನ ಕೈಯಲ್ಲಿ ಎಳೆದಾಗ ಇದೇ ಹುಡುಗಿ ಜಾಸ್ತಿ ಅಂದಿದ್ದಳು. ನಾವು ಅಂಕ ಕಳೆದ ಎಷ್ಟು ಉತ್ತರಗಳು ಬರೀ ನಮ್ಮ ಮುಖ ನೋಡಿ ಬಂದವೋ. ಅದನ್ನು ಯೋಚಿಸಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಪೊಟ್ಟಣದಲ್ಲಿ ಏನಿದೆ

ಮೂರರಿಂದ ಐದು ವರ್ಷದವರಿಗೆ ಇದು. ಬೇರೆಯವರ ತಲೆಯಲ್ಲಿ ಇರುವುದು ನನ್ನ ತಲೆಯಲ್ಲಿ ಇರುವುದಕ್ಕಿಂತ ಬೇರೆ ಆಗಿರಬಹುದು, ತಪ್ಪೂ ಆಗಿರಬಹುದು ಅಂತ ಮಗುವಿಗೆ ಗೊತ್ತಾಗುವುದು ಯಾವಾಗ ಅಂತ ನೋಡುವ ಆಟ.

ಮೊದಲ ಸಲ ನಾನು ಎಡವಿದೆ. ಬೋರ್ನ್‌ವಿಟಾ ಡಬ್ಬಿ ತೋರಿಸಿ "ಇದ್ರಲ್ಲಿ ಏನಿದೆ ಹೇಳು?" ಅಂದೆ. ಬೋರ್ನ್‌ವಿಟಾ ಅನ್ನಬೇಕಿತ್ತು. "ಮೆಂತ್ಯ" ಅಂದಳು. ನಮ್ಮ ಮನೆಯಲ್ಲಿ ಯಾವ ಡಬ್ಬಿಯಲ್ಲೂ ಅದರ ಮೇಲೆ ಬರೆದದ್ದು ಇರುವುದಿಲ್ಲ, ಪಾಪ ಅವಳೇನು ಮಾಡಬೇಕು? ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ, ಬಿಸ್ಕತ್ ಟಿನ್ನಿನಲ್ಲಿ ಸೂಜಿ ದಾರ. ಹಾಗಾಗಿ ಪಾರ್ಲೆ-ಜಿ ಪೊಟ್ಟಣ ತೆಗೆದುಕೊಳ್ಳಿ. ಒಂದು ಕೊನೆ ನಿಧಾನವಾಗಿ ಬಿಚ್ಚಿ, ಬಿಸ್ಕತ್ ತೆಗೆದು, ಅಂಗಿಯ ಗುಂಡಿಗಳನ್ನು ತುಂಬಿ, ಅಂಟಿಸಿ.

ಮಗುವಿಗೆ ತೋರಿಸಿ ಕೇಳಿ. "ಬಿಸ್ಕತ್ತು" ಅನ್ನುತ್ತದೆ. ಬಿಚ್ಚಿ ಗುಂಡಿ ತೋರಿಸಿ, ಮತ್ತೆ ಮುಚ್ಚಿ. ಈಗ ಕೇಳಿ: "ತಾತ ಇನ್ನೂ ಇದನ್ನ ನೋಡಿಲ್ಲ. ತಾತ ಬಂದ್ರೆ ಇದ್ರಲ್ಲಿ ಏನಿದೆ ಅಂತಾರೆ?" ಮೂರು ವರ್ಷದ ಮಗು "ಗುಂಡಿ" ಅನ್ನುತ್ತದೆ. ತನಗೆ ಗೊತ್ತಾದದ್ದು ತಾತನಿಗೂ ಗೊತ್ತು ಅಂತ. ಇನ್ನೂ ವಿಚಿತ್ರ ಏನೆಂದರೆ, "ಬಿಚ್ಚೋ ಮೊದ್ಲು ನೀನೇನಂದೆ?" ಅಂತ ಕೇಳಿದರೂ "ಗುಂಡಿ ಅಂದೆ" ಅನ್ನಬಹುದು. ಸುಳ್ಳು ಹೇಳುತ್ತಿಲ್ಲ. ತನ್ನದೇ ಹಳೆಯ ತಪ್ಪು ತಿಳಿವಳಿಕೆಯನ್ನು ನೆನೆಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ನಾಲ್ಕು, ಐದರ ಹೊತ್ತಿಗೆ ಹೆಚ್ಚಿನ ಮಕ್ಕಳು "ತಾತ ಬಿಸ್ಕತ್ತು ಅಂತಾರೆ" ಅಂತ ಕಿಲಕಿಲ ನಗುತ್ತಾರೆ.

ಇದರ ಮೂಲ 1983ರಲ್ಲಿ ವಿಮ್ಮರ್ ಮತ್ತು ಪೆರ್ನರ್ ಮಾಡಿದ ಪ್ರಯೋಗ. ಮ್ಯಾಕ್ಸಿ ಅನ್ನುವ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಟಕ್ಕೆ ಹೋಗುತ್ತಾನೆ, ಅಮ್ಮ ಅದನ್ನು ಬೇರೆ ಕಪಾಟಿಗೆ ಇಡುತ್ತಾಳೆ, ಅವನು ಬಂದು ಎಲ್ಲಿ ಹುಡುಕುತ್ತಾನೆ ಅಂತ. ನೀವು ತಾತನ ಕನ್ನಡಕ ಇಟ್ಟು ಆಡಬಹುದು. ತಾತ ಟಿವಿ ಪಕ್ಕ ಇಟ್ಟು ಸ್ನಾನಕ್ಕೆ ಹೋದರು, ಅಜ್ಜಿ ತೆಗೆದು ದೇವರ ಗೂಡಿನ ಪಕ್ಕ ಇಟ್ಟಳು. ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ನಡೆಯುವ ಕತೆಯೇ ಇದು.

ಈ ತಿಳಿವಳಿಕೆ ಬರುವ ಮೊದಲು ಮಗು ಫೋನಿನಲ್ಲಿ "ಊಟ ಆಯ್ತಾ?" ಅಂದರೆ ಬಾಯಿ ಬಿಡದೆ ತಲೆಯಾಡಿಸುತ್ತದೆ. ಕಣ್ಣಾಮುಚ್ಚಾಲೆಯಲ್ಲಿ ಕರ್ಟನ್ನಿನ ಹಿಂದೆ ನಿಂತು ಕಾಲು ಹೊರಗೆ ಬಿಟ್ಟಿರುತ್ತದೆ. ನಾವು ದಡ್ಡತನ ಅಂದುಕೊಂಡು ನಗುತ್ತೇವೆ. ಇನ್ನೊಂದು ಕಡೆ, ತಿಳಿವಳಿಕೆ ಬಂದ ಕೂಡಲೇ ಸುಳ್ಳು ಶುರು. ನನ್ನ ತಲೆಯಲ್ಲಿರುವುದು ಅಜ್ಜಿಗೆ ಗೊತ್ತಿಲ್ಲ ಅಂತ ಗೊತ್ತಾಗದೆ ಸರಿಯಾಗಿ ಸುಳ್ಳು ಹೇಳಲು ಆಗುವುದಿಲ್ಲ. ಪುಟ್ಟಿ ಮೊದಲ ಸಲ ಕೊಬ್ಬರಿ ಮಿಠಾಯಿ ತಿಂದು "ಬೆಕ್ಕು ತಿಂತು" ಅಂದಾಗ ಮಗಳು ಫೋನಿನಲ್ಲಿ ಗಾಬರಿಯಾದಳು. ನಾನು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದೆ: ನಾಲ್ಕು ವರ್ಷ ಎರಡು ತಿಂಗಳು. ಮಿಠಾಯಿ ಡಬ್ಬಿಯನ್ನು ಮೇಲಿನ ಅಟ್ಟಕ್ಕೂ ಇಟ್ಟೆ, ಅದು ಬೇರೆ ಮಾತು.

ಇನ್ನೂ ಮಾತು ಬಾರದ ಕೂಸಿದ್ದರೆ

ಎಂಟು ತಿಂಗಳ ಸುಮಾರಿಗೆ ಶುರು ಮಾಡಿ. ಕೂಸಿಗೆ ಇಷ್ಟವಾದ ಗಿಲಕಿಯನ್ನು ಅದರ ಕಣ್ಣೆದುರೇ ಕರ್ಚೀಫಿನಡಿ ಮುಚ್ಚಿ. ಐದು ತಿಂಗಳಲ್ಲಿ ಮುಚ್ಚಿದ್ದರೆ ಅಲ್ಲಿ ಏನೂ ಇರಲೇ ಇಲ್ಲ ಅನ್ನುವ ಹಾಗೆ ಬೇರೆ ಕಡೆ ನೋಡಿಬಿಡುತ್ತಿತ್ತು. ಈಗ ಕರ್ಚೀಫು ಎಳೆಯುತ್ತದೆ. ಕಣ್ಣಿಗೆ ಕಾಣದಿದ್ದರೂ ವಸ್ತು ಇದೆ ಅಂತ ಗೊತ್ತಾಗಿದೆ. ಇದೇ ವಸ್ತು ಸ್ಥಿರತೆ. ಆದರೆ ಕರ್ಚೀಫು ಎಳೆಯದ ಕೂಸಿಗೆ ಏನೂ ಗೊತ್ತಿಲ್ಲ ಅಂತ ಹೇಳುವ ಹಾಗಿಲ್ಲ. ಕೈ ಚಾಚುವುದನ್ನು ಬಿಟ್ಟು ಕಣ್ಣು ಎಷ್ಟು ಹೊತ್ತು ನೆಡುತ್ತದೆ ಅಂತ ಅಳೆದವರು ಐದು ತಿಂಗಳ ಕೂಸಿಗೂ ಮರೆಯಾದ ವಸ್ತುವಿನ ಅಂದಾಜು ಇದೆ ಅಂತ ತೋರಿಸಿದ್ದಾರೆ. ಗೊತ್ತಿರುವುದು ಒಂದು, ಗೊತ್ತಿದ್ದದ್ದನ್ನು ಹಿಡಿದು ಕೈ ಕೆಲಸ ಮಾಡುವುದು ಇನ್ನೊಂದು.

ಇದರ ಮುಂದಿನ ಭಾಗ ನನಗೆ ತುಂಬಾ ಇಷ್ಟ. ಎಡಗಡೆ ಒಂದು, ಬಲಗಡೆ ಒಂದು ಕರ್ಚೀಫು ಹಾಸಿ. ಎಡಗಡೆಯದರಡಿ ಮೂರು ಸಲ ಬಚ್ಚಿಡಿ, ಮೂರು ಸಲವೂ ಕೂಸು ತೆಗೆಯಲಿ. ನಾಲ್ಕನೇ ಸಲ ಅದು ನೋಡುತ್ತಿರುವಾಗಲೇ ಬಲಗಡೆ ಬಚ್ಚಿಡಿ. ಒಂಬತ್ತು, ಹತ್ತು ತಿಂಗಳ ಕೂಸು ಸೀದಾ ಎಡಗಡೆಯದನ್ನೇ ಎಳೆಯುತ್ತದೆ. ಕಣ್ಣಾರೆ ನೋಡಿದ್ದರೂ! ನಗಬೇಡಿ. ಮನೆಯ ಸ್ವಿಚ್ ಬೋರ್ಡ್ ಬದಲಾಯಿಸಿ ಎರಡು ತಿಂಗಳಾದರೂ ನನ್ನ ಕೈ ಇನ್ನೂ ಹಳೆಯ ಜಾಗಕ್ಕೇ ಹೋಗುತ್ತದೆ.

ಇದೇ ವಯಸ್ಸಿನಲ್ಲಿ ಚಮಚ ಬೀಳಿಸುವ ಕಾಟವೂ. ನೀವು ಎತ್ತಿ ಕೊಡುತ್ತೀರಿ, ಅದು ಬೀಳಿಸುತ್ತದೆ. ನಿಮಗೆ ಸೊಂಟ ನೋವು, ಅದಕ್ಕೆ ಸಂಶೋಧನೆ. ಚಮಚಕ್ಕೆ ದಾರ ಕಟ್ಟಿ ಕುರ್ಚಿಗೆ ಬಿಗಿದರೆ ಇಬ್ಬರಿಗೂ ಅನುಕೂಲ. ದಾರ ಗೇಣುದ್ದಕ್ಕಿಂತ ಹೆಚ್ಚಿರಬಾರದು, ನೀವು ಪಕ್ಕದಲ್ಲೇ ಇರಬೇಕು, ಎದ್ದು ಹೋಗುವಾಗ ಬಿಚ್ಚಿಬಿಡಬೇಕು.

ಹೊಸಬರನ್ನು ಕಂಡರೆ ಅಳುವುದೂ ಈಗಲೇ. ಊರಿಂದ ದೊಡ್ಡಮ್ಮ ಬಂದು ಎತ್ತಿಕೊಳ್ಳಲು ಹೋಗಿ, ಕೂಸು ಕಿರುಚಿ, "ನನ್ನ ಕಂಡ್ರೆ ಆಗಲ್ಲ ಇದಕ್ಕೆ" ಅಂತ ಅವರು ಮುಖ ಸಪ್ಪೆ ಮಾಡಿಕೊಳ್ಳುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ತನ್ನವರು ಯಾರು ಅಂತ ಗುರುತು ಸಿಕ್ಕಿದೆ, ಅದಕ್ಕೇ ಅಳು. ದೊಡ್ಡಮ್ಮನಿಗೆ ಹೇಳಿ: ಹತ್ತು ನಿಮಿಷ ಕೂಸಿನ ಕಡೆ ನೋಡದೆ ಕೂತು ಕಾಫಿ ಕುಡಿಯಲಿ. ಕೂಸೇ ತೆವಳಿಕೊಂಡು ಬಂದು ಸೀರೆಯ ಅಂಚು ಹಿಡಿಯುತ್ತದೆ.

ಬಿಟ್ಟು ಹೋಗುವಾಗ, ವಾಪಸ್ ಬಂದಾಗ

ಮೇರಿ ಐನ್ಸ್‌ವರ್ತ್ ಅನ್ನುವವರು 1950ರ ದಶಕದಲ್ಲಿ ಉಗಾಂಡಾದ ಹಳ್ಳಿಗಳಲ್ಲಿ ತಾಯಿ ಮಕ್ಕಳನ್ನು ಮನೆಮನೆಗೆ ಹೋಗಿ ನೋಡಿದರು. ಆಮೇಲೆ ಅಮೆರಿಕದ ಬಾಲ್ಟಿಮೋರಿನಲ್ಲಿ ಒಂದು ಪ್ರಯೋಗ ಮಾಡಿದರು. ವರ್ಷ ತುಂಬಿದ ಮಗು, ಆಟದ ಸಾಮಾನಿರುವ ಒಂದು ಕೋಣೆ. ಅಮ್ಮ ಸ್ವಲ್ಪ ಹೊತ್ತು ಹೊರಗೆ ಹೋಗಿ ಮತ್ತೆ ಬರುತ್ತಾಳೆ. ಎಲ್ಲರೂ ತಿಳಿದುಕೊಂಡಿರುವುದು ಅಮ್ಮ ಹೋದಾಗ ಮಗು ಎಷ್ಟು ಅತ್ತಿತು ಅನ್ನುವುದೇ ಮುಖ್ಯ ಅಂತ. ಅಲ್ಲ. ಐನ್ಸ್‌ವರ್ತ್ ಹೆಚ್ಚು ಗಮನ ಕೊಟ್ಟದ್ದು ಅಮ್ಮ ವಾಪಸ್ ಬಂದಾಗ ಏನಾಗುತ್ತದೆ ಅನ್ನುವುದಕ್ಕೆ. ಓಡಿ ಬಂದು ಎತ್ತಿಸಿಕೊಂಡು, ಸಮಾಧಾನ ಆಗಿ, ಮತ್ತೆ ಆಟಕ್ಕೆ ಹೋಯಿತಾ? ಹಾಗಾದರೆ ನಂಟು ಗಟ್ಟಿಯಾಗಿದೆ.

ಪ್ರಯೋಗವನ್ನು ನೀವು ಮಾಡಬೇಕಾಗಿಲ್ಲ. ಅಂಗನವಾಡಿಯ ಅಥವಾ ಎಲ್‌ಕೆಜಿಯ ಮೊದಲ ವಾರ ತಾನಾಗಿಯೇ ಆಗುತ್ತದೆ. ಗೇಟಿನಲ್ಲಿ ಅತ್ತರೆ ಕಂಗಾಲಾಗಬೇಡಿ. ಸಂಜೆ ಕರೆದುಕೊಂಡು ಬರುವಾಗ ಹೇಗಿದೆ ನೋಡಿ. ಕದ್ದು ಮಾತ್ರ ಹೋಗಬೇಡಿ. "ಆ ಕಡೆ ನೋಡು, ಕಾಗೆ" ಅಂದು ಹಿಂದಿನಿಂದ ಮಾಯವಾಗುವ ನಮ್ಮ ಹಳೆಯ ಚಾಳಿ ಆ ಕ್ಷಣಕ್ಕೆ ಅಳು ತಪ್ಪಿಸುತ್ತದೆ. ಮರುದಿನದಿಂದ ಮಗು ನಿಮ್ಮ ಸೆರಗು ಬಿಡುವುದಿಲ್ಲ, ನೀವು ಯಾವ ಹೊತ್ತಿನಲ್ಲಿ ಬೇಕಾದರೂ ಮಾಯವಾಗಬಹುದಲ್ಲ. ಹೋಗುತ್ತೇನೆ ಅಂತ ಹೇಳಿ, ಯಾವಾಗ ಬರುತ್ತೇನೆ ಅಂತ ಮಗುವಿಗೆ ಅರ್ಥವಾಗುವ ಗಡಿಯಾರದಲ್ಲಿ ಹೇಳಿ. "ಮೂರು ಗಂಟೆಗೆ" ಅಲ್ಲ, "ಊಟ ಆಗಿ, ಮಲ್ಕೊಂಡು ಎದ್ದ ಮೇಲೆ". ಅತ್ತರೂ ಹೊರಡಿ.

ನನ್ನ ಮಗಳಿಗೆ ಒಂದು ಕೊರಗು ಇತ್ತು. ವಾರಕ್ಕೊಮ್ಮೆ ಬರುವ ತನ್ನನ್ನು ಮಗು ಮರೆತೇ ಬಿಡುತ್ತದೆ, ಅಜ್ಜಿಗೇ ಅಂಟಿಕೊಳ್ಳುತ್ತದೆ ಅಂತ. ಮಗು ಒಬ್ಬರಿಗಿಂತ ಹೆಚ್ಚು ಜನರ ಜೊತೆ ನಂಟು ಬೆಳೆಸಿಕೊಳ್ಳುತ್ತದೆ. ಶುಕ್ರವಾರ ರಾತ್ರಿ ಅವಳು ಬಾಗಿಲಲ್ಲಿ ಕಂಡ ಕೂಡಲೇ ಪುಟ್ಟಿ ನನ್ನನ್ನು ಪಕ್ಕಕ್ಕೆ ತಳ್ಳಿ ಓಡುತ್ತಿದ್ದಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚು ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಕುಂಕುಮದ ಆಟ ಇಲ್ಲೇ ಹೇಳಿಬಿಡುತ್ತೇನೆ, ಚಿಕ್ಕದು. ಒಂದೂವರೆ ವರ್ಷದ ಮಗುವಿನ ಮೂಗಿನ ತುದಿಗೆ ಗೊತ್ತಾಗದ ಹಾಗೆ ಕುಂಕುಮ ಹಚ್ಚಿ ಕನ್ನಡಿ ಮುಂದೆ ಬಿಡಿ. ಹಣೆಗೆ ಬೇಡ, ಅಲ್ಲಿ ಬೊಟ್ಟು ಇರುವುದು ನಮ್ಮ ಮಕ್ಕಳಿಗೆ ಅಭ್ಯಾಸ. ಕನ್ನಡಿ ಮುಟ್ಟಿದರೆ ಅಲ್ಲಿರುವುದು ಬೇರೆ ಪಾಪು. ತನ್ನ ಮೂಗು ಮುಟ್ಟಿಕೊಂಡರೆ ತನ್ನ ಗುರುತು ತನಗೆ ಸಿಕ್ಕಿದೆ. ಇದಾದ ಸ್ವಲ್ಪ ದಿನಕ್ಕೇ "ನಂದು, ನಂದು" ಅನ್ನುವ ಕಾಟ ಶುರುವಾದರೆ ಆಶ್ಚರ್ಯ ಪಡಬೇಡಿ.

"ತಾತಂಗೆ ಪೇಪರ್ ಕೊಡಿದೆ"

ಎರಡೂವರೆ ವರ್ಷದಲ್ಲಿ ಪುಟ್ಟಿ ಚೆನ್ನಾಗಿ "ಕೊಟ್ಟೆ" ಅನ್ನುತ್ತಿದ್ದಳು. ಮೂರು ದಾಟಿದ ಮೇಲೆ ಒಂದು ದಿನ "ಕೊಡಿದೆ" ಅಂದಳು. ಆಮೇಲೆ "ಬಾಗಿಲು ಬಿಡಿದೆ", "ಅಲ್ಲೇ ಇಡಿದೆ". ಮನೆಯವರು ಹಿಂದೆ ಹೋಗುತ್ತಿದ್ದಾಳೆ ಅಂದರು. ನಾನು ಪೆನ್ನು ಹುಡುಕಿದೆ.

ನೋಡಿ, ಅವಳ ತಲೆಯಲ್ಲಿ ಏನು ನಡೆದಿದೆ ಅಂತ. ನೋಡು, ನೋಡಿದೆ. ಮಾಡು, ಮಾಡಿದೆ. ಓಡು, ಓಡಿದೆ. ಹಾಡು, ಹಾಡಿದೆ. ಹಾಗಾದರೆ ಕೊಡು? ಕೊಡಿದೆ! ಮನೆಯಲ್ಲಿ ಯಾರ ಬಾಯಲ್ಲೂ ಅವಳು ಈ ಮಾತು ಕೇಳಿಲ್ಲ. ಹಾಗಾಗಿ ಇದು ಗಿಣಿಪಾಠ ಅಲ್ಲ. ಯಾರೂ ಹೇಳಿಕೊಡದ ವ್ಯಾಕರಣದ ನಿಯಮವನ್ನು ತಾನೇ ಕಂಡುಹಿಡಿದು, ಎಲ್ಲ ಕಡೆ ಹಚ್ಚಿ ನೋಡುತ್ತಿದ್ದಾಳೆ. ಕೊಡು, ಬಿಡು, ಇಡು, ಸುಡು ಬೇರೆ ದಾರಿ ಹಿಡಿಯುತ್ತವೆ ಅಂತ ಇನ್ನೂ ಗೊತ್ತಿಲ್ಲ. ಮೊದಲಿನ "ಕೊಟ್ಟೆ" ಕೇಳಿ ಕಲಿತದ್ದು. ಈಗಿನ "ಕೊಡಿದೆ" ಅವಳ ಸ್ವಂತದ್ದು. ಈ ತಪ್ಪು ಮುಂದಕ್ಕೆ ಇಟ್ಟ ಹೆಜ್ಜೆ.

1958ರಲ್ಲಿ ಜೀನ್ ಬರ್ಕೊ ಅನ್ನುವವರು ಇಂಗ್ಲಿಷ್ ಮಾತಾಡುವ ಮಕ್ಕಳಿಗೆ ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರ ತೋರಿಸಿ, "ವಗ್" ಅಂತ ಇಲ್ಲದ ಹೆಸರಿಟ್ಟು, ಎರಡಿದ್ದರೆ ಏನನ್ನುತ್ತೀರಿ ಅಂತ ಕೇಳಿದರು. ಮಕ್ಕಳು ಸಲೀಸಾಗಿ ಬಹುವಚನ ಮಾಡಿದರು. ಕನ್ನಡದಲ್ಲಿ ಕ್ರಿಯಾಪದ ಇಟ್ಟು ಆಡುವುದು ಚೆನ್ನ. ಕೈಯನ್ನು ಗಾಳಿಯಲ್ಲಿ ತಿರುಗಿಸಿ "ಅಜ್ಜಿ ಝೂಡ್ತಾ ಇದಾಳೆ. ನಿನ್ನೆನೂ ಇದೇ ಮಾಡಿದ್ಳು. ನಿನ್ನೆ ಅಜ್ಜಿ ಏನ್ ಮಾಡಿದ್ಳು?" ಅಂತ ಕೇಳಿ. "ಝೂಡಿದ್ಳು" ಅಂತ ಬಂದರೆ ನಿಯಮ ಕೈಗೆ ಬಂದಿದೆ. ಮನೆಯ ಮಾತು ತುಳು, ಕೊಂಕಣಿ, ಉರ್ದು ಯಾವುದಾದರೂ ಆ ಭಾಷೆಯಲ್ಲೇ ಇಂಥದ್ದೊಂದು ಕಟ್ಟಿಕೊಳ್ಳಿ.

ತಿದ್ದಬೇಕಾ? ಹಂಗಿಸುವುದು ಬೇಡ. "ಓಹೋ, ತಾತಂಗೆ ಪೇಪರ್ ಕೊಟ್ಯಾ?" ಅಂತ ಸರಿಯಾದದ್ದನ್ನು ನಿಮ್ಮ ಮಾತಿನಲ್ಲಿ ಹಾಕಿ ಮುಂದೆ ಹೋಗಿ. ತಾನಾಗಿ ಸರಿಹೋಗುತ್ತದೆ.

ಚುಕ್ಕಿ ಇಟ್ಟುಕೊಡುವುದು

ಪಿಯಾಜೆ ಹುಟ್ಟಿದ 1896ರಲ್ಲೇ ಹುಟ್ಟಿದ ಇನ್ನೊಬ್ಬರು ರಷ್ಯಾದ ಮನೋವಿಜ್ಞಾನಿ ವೈಗಾಟ್‌ಸ್ಕಿ. ಕ್ಷಯದಿಂದ 37ನೇ ವಯಸ್ಸಿಗೇ ತೀರಿಕೊಂಡರು. ಅವರದೊಂದು ಮಾತು ನಮ್ಮ ಪುಸ್ತಕಗಳಲ್ಲಿ "ಸಮೀಪ ವಿಕಾಸ ವಲಯ" ಅಂತ ಬಾಯಿಗೆ ಹಿಡಿಯದ ಹೆಸರಿನಲ್ಲಿ ಇದೆ. ಅರ್ಥ ಇಷ್ಟೇ: ಮಗು ಒಬ್ಬಳೇ ಮಾಡಲಾಗದ, ಆದರೆ ಯಾರಾದರೂ ಜೊತೆಗಿದ್ದರೆ ಮಾಡಬಲ್ಲ ಕೆಲಸಗಳು ಇರುತ್ತವೆ. ಕಲಿಕೆ ನಡೆಯುವುದು ಅಲ್ಲಿ.

ರಂಗೋಲಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಪೂರ್ತಿ ನಾನೇ ಹಾಕಿದರೆ ಪುಟ್ಟಿ ನೋಡುತ್ತಾಳೆ ಅಷ್ಟೇ. ಪೂರ್ತಿ ಅವಳಿಗೇ ಬಿಟ್ಟರೆ ಹಿಟ್ಟು ಚೆಲ್ಲಿ ಎದ್ದು ಹೋಗುತ್ತಾಳೆ. ಮೂರು ಚುಕ್ಕಿ ಮೂರು ಸಾಲು ನಾನು ಇಟ್ಟುಕೊಟ್ಟರೆ ಗೆರೆ ಅವಳು ಎಳೆಯುತ್ತಾಳೆ. ಒಂದು ವಾರ ಬಿಟ್ಟು ಎರಡು ಸಾಲು ಮಾತ್ರ ಇಡುತ್ತೇನೆ, ಮೂರನೆಯದು ಅವಳದು. ಆಮೇಲೆ ಒಂದೇ ಚುಕ್ಕಿ. ಗಮನಿಸಬೇಕಾದ್ದು ಎಷ್ಟು ಚುಕ್ಕಿ ಇಡಬೇಕು ಅಂತಲ್ಲ, ಯಾವಾಗ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು ಅಂತ. ನಮ್ಮಲ್ಲಿ ಹೆಚ್ಚಿನವರು ಇದರಲ್ಲೇ ಸೋಲುತ್ತೇವೆ. ಆಫೀಸಿಗೆ ಹೊತ್ತಾಯಿತು ಅಂತ ಆರು ವರ್ಷದವನ ಶೂ ಲೇಸನ್ನು ದಿನಾ ನಾವೇ ಕಟ್ಟುತ್ತೇವೆ.

ಗೆರೆ ಎಳೆಯುವಾಗ ಪುಟ್ಟಿ ತನ್ನಷ್ಟಕ್ಕೇ ಪಿಸುಗುಡುತ್ತಿರುತ್ತಾಳೆ. "ಇಲ್ಲಿಂದ ಹೋಗಿ, ತಿರುಗಿ, ಅಯ್ಯೋ, ಇಲ್ಲ ಇಲ್ಲ." ಒಬ್ಬಳೇ ಮಾತಾಡ್ತಾಳೆ ಅಂತ ಪಕ್ಕದ ಮನೆಯವರು ಒಮ್ಮೆ ಹೇಳಿದರು. ನಾವು ಹೇಳಿಕೊಟ್ಟ ಮಾತನ್ನು ಈಗ ಅವಳು ತನಗೇ ಹೇಳಿಕೊಳ್ಳುತ್ತಿದ್ದಾಳೆ. ಸ್ವಲ್ಪ ವರ್ಷಕ್ಕೆ ಆ ಮಾತು ಒಳಗಿಳಿದು ಯೋಚನೆಯಾಗುತ್ತದೆ ಅಂತ ವೈಗಾಟ್‌ಸ್ಕಿ ಹೇಳುತ್ತಿದ್ದರು. ಸುಮ್ಮನಿರಿಸಬೇಡಿ.

ಇದೊಂದು ಪರೀಕ್ಷೆ ಮನೆಯಲ್ಲಿ ಬೇಡ

ಮಿಠಾಯಿ ಪರೀಕ್ಷೆಯ ವಿಡಿಯೋ ಎಲ್ಲರ ಫೋನಿಗೂ ಬಂದಿರುತ್ತದೆ. ಒಂದು ಮಿಠಾಯಿ ಮುಂದೆ ಇಟ್ಟು, ನಾನು ಬರುವವರೆಗೆ ತಿನ್ನದಿದ್ದರೆ ಎರಡು ಕೊಡುತ್ತೇನೆ ಅನ್ನುವುದು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ವಾಲ್ಟರ್ ಮಿಶೆಲ್ ಮಾಡಿದ್ದು. ಕಾದ ಮಕ್ಕಳು ಮುಂದೆ ಓದಿನಲ್ಲೂ ಚೆನ್ನಾಗಿ ಮಾಡಿದರು ಅಂತ ಹೆಸರಾಯಿತು. 2018ರಲ್ಲಿ ಸುಮಾರು 900 ಮಕ್ಕಳ ಮಾಹಿತಿ ಹಿಡಿದು ಮತ್ತೆ ನೋಡಿದರು. ಮನೆಯ ಸ್ಥಿತಿಗತಿ, ತಾಯಿಯ ಓದು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಆ ಸಂಬಂಧ ತೀರಾ ಸಣ್ಣದಾಗಿಬಿಟ್ಟಿತು.

ನನಗೆ ಹೆಚ್ಚು ಹಿಡಿಸಿದ್ದು 2013ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು ಮಾಡಿದ್ದು. ಮಿಠಾಯಿಗೆ ಮೊದಲೇ ಅವರು ಮಕ್ಕಳಿಗೆ ಒಳ್ಳೆಯ ಬಣ್ಣ ತಂದುಕೊಡುತ್ತೇವೆ ಅಂತ ಮಾತು ಕೊಟ್ಟರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದವರಿಗೆ "ಸಿಗಲಿಲ್ಲ" ಅಂದರು. ಆಮೇಲೆ ಮಿಠಾಯಿ ಇಟ್ಟರೆ, ಮಾತು ಉಳಿಸಿಕೊಂಡವರ ಮುಂದಿನ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದಿನವರು 3 ನಿಮಿಷ. ಕಾಯದ ಮಗುವಿಗೆ ತಾಳ್ಮೆ ಇಲ್ಲ ಅಂತ ಹೇಳುವುದು ಹೇಗೆ? ಅದರ ಲೆಕ್ಕ ಸರಿಯಾಗೇ ಇದೆ. "ಆಮೇಲೆ ಕೊಡಿಸ್ತೀನಿ", "ನಾಳೆ ಜಾತ್ರೆಗೆ ಹೋಗೋಣ" ಅಂತ ದಿನಕ್ಕೆ ಹತ್ತು ಸಲ ಸುಮ್ನೆ ಅನ್ನುವ ಮನೆಯಲ್ಲಿ ಈ ಪರೀಕ್ಷೆ ಮಾಡಿದರೆ ಫೇಲಾಗುವುದು ಮಗು ಅಲ್ಲ.

ಎರಡು ಮಕ್ಕಳನ್ನು ಹೋಲಿಸುವುದೂ ಬೇಡ. 1956ರಲ್ಲಿ ನ್ಯೂಯಾರ್ಕಿನಲ್ಲಿ ಥಾಮಸ್ ಮತ್ತು ಚೆಸ್ ದಂಪತಿ ಶುರು ಮಾಡಿದ ಅಧ್ಯಯನದಲ್ಲಿ ಕೂಸಿನಿಂದಲೇ ಸ್ವಭಾವದ ವ್ಯತ್ಯಾಸ ಕಂಡಿತು. ಸುಮಾರು 40 ಶೇಕಡಾ ಸಲೀಸಿನ ಮಕ್ಕಳು, 10 ಶೇಕಡಾ ಹಟದ ಮಕ್ಕಳು, 15 ಶೇಕಡಾ ನಿಧಾನವಾಗಿ ಹೊಂದಿಕೊಳ್ಳುವವರು, ಉಳಿದವರು ಯಾವ ಗುಂಪಿಗೂ ಸೇರದವರು. ನಮ್ಮ ದೊಡ್ಡ ಮೊಮ್ಮಗ ಮೂರನೇ ಗುಂಪು. ಮದುವೆ ಮನೆಯಲ್ಲಿ ಮೊದಲ ಒಂದು ಗಂಟೆ ನನ್ನ ಬೆನ್ನ ಹಿಂದೆ. ಊಟದ ಹೊತ್ತಿಗೆ ನೀರು ಬಡಿಸುತ್ತಿರುತ್ತಾನೆ. ಅವನಿಗೆ ಬೇಕಾದ್ದು ಆ ಒಂದು ಗಂಟೆ.

ಆಟ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕಾದಾಗ

ಮೇಲಿನ ಯಾವ ಆಟದಲ್ಲೂ ಮಗು ಸ್ವಲ್ಪ ಹಿಂದೆಮುಂದೆ ಇದ್ದರೆ ತಲೆಕೆಡಿಸಿಕೊಳ್ಳಬೇಡಿ. ಆದರೆ ಇವನ್ನು ಬಿಡಬೇಡಿ: ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಬೆರಳು ತೋರಿಸಿ "ಅದು" ಅನ್ನುವುದು, ಟಾಟಾ ಮಾಡುವುದು ಯಾವುದೂ ಇಲ್ಲದಿದ್ದರೆ. 16 ತಿಂಗಳಾದರೂ ಒಂದು ಪದವೂ ಬರದಿದ್ದರೆ. ಎರಡು ವರ್ಷಕ್ಕೂ "ಅಮ್ಮ ಬಾ", "ಹಾಲು ಬೇಡ" ಅಂತ ಎರಡು ಪದ ತಾನಾಗಿ ಜೋಡಿಸದಿದ್ದರೆ. ಯಾವ ವಯಸ್ಸಿನಲ್ಲೇ ಆಗಲಿ, ಬರುತ್ತಿದ್ದ ಮಾತು ಹೋದರೆ ಅವತ್ತೇ ಹೊರಡಿ. "ಅವರಪ್ಪನೂ ಲೇಟಾಗೇ ಮಾತಾಡಿದ್ದು" ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮ ಬೀದಿಯ ಒಂದು ಮಗುವಿಗೆ ಹಾಗಂತಲೇ ಮೂರೂವರೆ ವರ್ಷ ಕಳೆದುಹೋಯಿತು. ಕೊನೆಗೆ ನೋಡಿದರೆ ಮಗುವಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ.

ಮೊದಲು ಕಿವಿ ಪರೀಕ್ಷೆ ಮಾಡಿಸಿ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಬಗ್ಗೆ ಹೇಳುತ್ತಾರೆ. ಅಲ್ಲಿಂದ ಜಿಲ್ಲಾ ಮಟ್ಟದ ಆಸ್ಪತ್ರೆಗೆ ಕಳಿಸುತ್ತಾರೆ. ಮಾತು, ಕಿವಿಗೆ ಸಂಬಂಧಿಸಿದ್ದಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ.

ಹೋಗುವಾಗ ನೋಟ್‌ಬುಕ್ ತೆಗೆದುಕೊಂಡು ಹೋಗಿ. ತಾರೀಖು, ಮಗುವಿನ ವಯಸ್ಸು ತಿಂಗಳಲ್ಲಿ, ಮಗು ಆಡಿದ ಮಾತು ಹಾಗೇ, ನೀವು ಏನು ಕೇಳಿದಿರಿ ಅನ್ನುವುದು. "ಯಾವಾಗಿನಿಂದ ಹೀಗೆ?" ಅಂತ ಅಲ್ಲಿ ಕೇಳೇ ಕೇಳುತ್ತಾರೆ. ಆಗ ಅಜ್ಜಿ ಒಂದು, ಅಮ್ಮ ಒಂದು ಹೇಳಿ ಅಲ್ಲೇ ವಾದಕ್ಕೆ ಇಳಿಯುವುದು ತಪ್ಪುತ್ತದೆ.